ಅವಧಿ ಮುಗಿದ ಅಧ್ಯಕ್ಷ, ಸೇರದ ಸಭೆ: ಪ್ಯಾಲೆಸ್ಟೀನಿನಲ್ಲಿ ಹಕ್ಕು ಕಾಯುವವರು ಯಾರು?

ಪ್ರಶ್ನೆ: ಮಹಮೂದ್ ಅಬ್ಬಾಸ್ 2005ರಲ್ಲಿ ನಾಲ್ಕು ವರ್ಷಕ್ಕೆ ಆಯ್ಕೆಯಾದವರು. ಇನ್ನೂ ಅವರೇ ಅಧ್ಯಕ್ಷರು, ಸಂಸತ್ತಂತೂ ಇಲ್ಲವೇ ಇಲ್ಲ. ಹಾಗಾದರೆ ಪ್ಯಾಲೆಸ್ಟೀನಿಗೆ ಸಂವಿಧಾನ ಅಂತ ಏನಾದರೂ ಇದೆಯಾ ಸರ್? ಅಲ್ಲಿನ ಸಾಮಾನ್ಯ ಮನುಷ್ಯನನ್ನು ಅವನದೇ ಪೊಲೀಸರು ಹಿಡಿದುಕೊಂಡು ಹೋದರೆ ಯಾರ ಹತ್ತಿರ ಹೋಗಬೇಕು? ಇಸ್ರೇಲಿನ ಸೇನೆಯ ಕೆಳಗೆ ನಲುಗುತ್ತಿರುವ ಜನರ ಬಗ್ಗೆ ಇಂಥ ಪ್ರಶ್ನೆ ಕೇಳುವುದೇ ತಪ್ಪಾ?
(ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಪ್ಪೇನೂ ಇಲ್ಲ. ಈ ಪ್ರಶ್ನೆಯನ್ನು ಮೊದಲು ಕೇಳಿದವರು, ಕೇಳಿ ಏಟು ತಿಂದವರು ಪ್ಯಾಲೆಸ್ಟೀನಿನವರೇ.

ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ಮುಖ್ಯಸ್ಥ ಯಾಸರ್ ಅರಾಫತ್, ಹೊಸದಾಗಿ ಹುಟ್ಟಿದ ಪ್ಯಾಲೆಸ್ಟೀನ್ ಪ್ರಾಧಿಕಾರವನ್ನು (ಸೀಮಿತ ಅಧಿಕಾರದ ಸರ್ಕಾರ) ನಡೆಸಲು ಗಾಜಾಕ್ಕೆ ವಾಪಸ್ ಬಂದದ್ದು ಜುಲೈ 1994ರಲ್ಲಿ. ವರ್ಷ ತುಂಬುವ ಮೊದಲೇ, 1995ರ ಫೆಬ್ರವರಿಯಲ್ಲಿ, ಒಂದು ಆದೇಶ ಹೊರಡಿಸಿ ರಾಜ್ಯ ಭದ್ರತಾ ನ್ಯಾಯಾಲಯಗಳನ್ನು ತೆರೆದರು. ಅಲ್ಲಿ ಭದ್ರತಾ ಪಡೆಯ ಅಧಿಕಾರಿಗಳೇ ಜಡ್ಜ್‌ಗಳು. ರಾತ್ರಿ ಹೊತ್ತಲ್ಲಿ, ಬಾಗಿಲು ಹಾಕಿಕೊಂಡು ವಿಚಾರಣೆ ಮುಗಿಸುತ್ತಿದ್ದರು. ಗಾಜಾದ ವಕೀಲ ರಾಜಿ ಸೌರಾನಿ ಇದು ಸರಿಯಲ್ಲ ಎಂದರು. ಪೊಲೀಸರು ಅವರನ್ನೇ ಎತ್ತಿಕೊಂಡು ಹೋದರು. ಇದೇ ಮನುಷ್ಯನನ್ನು ಅದಕ್ಕೂ ಮೊದಲು ಇಸ್ರೇಲ್ ಹಲವು ಸಲ ಒಳಗೆ ಹಾಕಿತ್ತು. ಮರುವರ್ಷ ಮನೋವೈದ್ಯ ಇಯಾದ್ ಅಲ್-ಸರ್ರಾಜ್ ಅವರ ಸರದಿ. ಅರಾಫತ್ ಆದೇಶದಿಂದಲೇ ಹುಟ್ಟಿದ ಮಾನವ ಹಕ್ಕು ಆಯೋಗಕ್ಕೆ ಆಗ ಅವರೇ ಮುಖ್ಯಸ್ಥರು. ಸರ್ಕಾರ ಭ್ರಷ್ಟವಾಗಿದೆ, ಜನರನ್ನು ತುಳಿಯುತ್ತಿದೆ ಎಂದು ಅಮೆರಿಕದ ಪತ್ರಿಕೆಯೊಂದಕ್ಕೆ ಹೇಳಿದ್ದೇ ತಪ್ಪಾಯಿತು. 1996ರ ಮೇ ತಿಂಗಳಲ್ಲಿ ಹಿಡಿದರು, ಬಿಟ್ಟರು, ಜೂನ್‌ನಲ್ಲಿ ಮತ್ತೆ ಹಿಡಿದು ಹೊಡೆದರು.

ಹಾಗಾಗಿ ‘ಮೊದಲು ಬಿಡುಗಡೆ ಆಗಲಿ, ಹಕ್ಕಿನ ಮಾತು ಆಮೇಲೆ’ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಹಕ್ಕಿಗಾಗಿ ದುಡಿದವರೇ ಅದನ್ನು ಒಪ್ಪಲಿಲ್ಲವಲ್ಲ.

ಈಗ ಸಂವಿಧಾನ. ಇದೆ. ಪೂರ್ತಿ ಸಂವಿಧಾನ ಅಲ್ಲ, ಮಧ್ಯಂತರ ಕಾಲಕ್ಕೆಂದು ಬರೆದ ‘ಮೂಲ ಕಾನೂನು’. ಇಸ್ರೇಲ್ ಮತ್ತು ಪಿಎಲ್‌ಒ ನಡುವಿನ 1993ರ ಓಸ್ಲೊ ಒಪ್ಪಂದದ ಲೆಕ್ಕದಲ್ಲಿ ಆ ಮಧ್ಯಂತರ ಕಾಲ ಐದು ವರ್ಷ. 1999ರ ಮೇ ತಿಂಗಳಿಗೆ ಅದು ಮುಗಿಯಬೇಕಿತ್ತು. ಮುಗಿಯಲಿಲ್ಲ. 1996ರ ಜನವರಿಯಲ್ಲಿ ಆಯ್ಕೆಯಾದ 88 ಸದಸ್ಯರ ಶಾಸನ ಸಭೆ 1997ರಲ್ಲೇ ಈ ಕಾನೂನನ್ನು ಪಾಸು ಮಾಡಿತು. ಅರಾಫತ್ ಅದರ ಮೇಲೆ ಹತ್ತಿರ ಹತ್ತಿರ ಐದು ವರ್ಷ ಕೂತರು. ಒಳಗಿನಿಂದ, ಹೊರಗಿನಿಂದ ಒತ್ತಡ ಜಾಸ್ತಿಯಾದ ಮೇಲೆ 2002ರ ಮೇನಲ್ಲಿ ಸಹಿ ಬಿತ್ತು.

ಓದಿದರೆ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. ಜನರೇ ಅಧಿಕಾರದ ಮೂಲ ಎಂದು 2ನೇ ವಿಧಿ ಹೇಳುತ್ತದೆ. ಕೋರ್ಟಿನ ಆದೇಶವಿಲ್ಲದೆ ಯಾರನ್ನೂ ಬಂಧಿಸುವಂತಿಲ್ಲ ಎಂದು 11ನೇ ವಿಧಿ. ಚಿತ್ರಹಿಂಸೆ ಕೂಡದು, ಹಾಗೆ ಪಡೆದ ತಪ್ಪೊಪ್ಪಿಗೆಗೆ ಬೆಲೆ ಇಲ್ಲ ಎಂದು 13ನೇ ವಿಧಿ. ನನಗೆ ತುಂಬಾ ಇಷ್ಟವಾದದ್ದು 32ನೇ ವಿಧಿ. ವೈಯಕ್ತಿಕ ಸ್ವಾತಂತ್ರ್ಯದ ಮೇಲೆ ಕೈ ಮಾಡುವುದೇ ಅಪರಾಧ, ಆ ಮೊಕದ್ದಮೆಗೆ ಕಾಲಮಿತಿ ಇಲ್ಲ, ನೊಂದವರಿಗೆ ಸರ್ಕಾರವೇ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಅಂದರೆ ಇವತ್ತು ಹೊಡೆದ ಪೊಲೀಸನನ್ನು ಮೂವತ್ತು ವರ್ಷದ ಮೇಲೂ ಕೋರ್ಟಿಗೆ ಎಳೆಯಬಹುದು. ಇಷ್ಟು ಖಡಕ್ಕಾಗಿ ಬರೆದುಕೊಂಡ ದೇಶಗಳು ಜಾಸ್ತಿ ಇಲ್ಲ.

2003ರಲ್ಲಿ ಇದಕ್ಕೊಂದು ತಿದ್ದುಪಡಿ ಆಯಿತು. ಅರಾಫತ್ ಕೈಯಿಂದ ಒಂದಿಷ್ಟು ಅಧಿಕಾರ ಕಿತ್ತುಕೊಳ್ಳಬೇಕೆಂದು ಅಮೆರಿಕ ಪಟ್ಟು ಹಿಡಿದಿತ್ತು, ಅದಕ್ಕೆ ಪ್ರಧಾನಿ ಹುದ್ದೆ ಬಂತು. ಮೊದಲ ಪ್ರಧಾನಿ ಯಾರು ಗೊತ್ತಾ? ಇದೇ ಅಬ್ಬಾಸ್. ಭದ್ರತಾ ಪಡೆಗಳ ಮೇಲಿನ ಹಿಡಿತ ಅರಾಫತ್ ಬಿಟ್ಟುಕೊಡುತ್ತಿಲ್ಲ ಎಂದು ಬೇಸತ್ತು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಒಬ್ಬನ ಕೈಯಲ್ಲಿ ಎಲ್ಲ ಅಧಿಕಾರ ಇದ್ದರೆ ಹೇಗಿರುತ್ತದೆ ಎಂದು ಅಬ್ಬಾಸ್‌ರಿಗೆ ಪಾಠ ಹೇಳಬೇಕಾಗಿಲ್ಲ.

ಇದು ಮೇಲಿನ ಪದರ. ಕೆಳಗೆ ನೋಡಿದರೆ ದೊಡ್ಡ ಗೋಜಲು. ಜಮೀನಿನ ವಿಚಾರಕ್ಕೆ ಒಟ್ಟೋಮನ್ ಕಾಲದ ಕಾನೂನು. ಕ್ರಿಮಿನಲ್ ವಿಚಾರಕ್ಕೆ ಗಾಜಾದಲ್ಲಿ ಬ್ರಿಟಿಷರ 1936ರ ಸಂಹಿತೆ, ವೆಸ್ಟ್ ಬ್ಯಾಂಕ್‌ನಲ್ಲಿ ಜೋರ್ಡಾನಿನ 1960ರ ದಂಡ ಸಂಹಿತೆ. ಮದುವೆ, ವಿಚ್ಛೇದನಕ್ಕೆ ಒಂದು ಕಡೆ ಜೋರ್ಡಾನ್, ಇನ್ನೊಂದು ಕಡೆ ಈಜಿಪ್ಟ್ ಬಿಟ್ಟುಹೋದದ್ದು. ಎಲ್ಲದರ ಮೇಲೆ 1967ರಿಂದ ಇಸ್ರೇಲಿ ಸೇನೆಯ ಆದೇಶಗಳು. ವೆಸ್ಟ್ ಬ್ಯಾಂಕ್‌ನ ಸುಮಾರು ಶೇ 60ರಷ್ಟು ಜಾಗ ‘ಸಿ’ ವಲಯ. ಅಲ್ಲಿ ಪೊಲೀಸ್ ಅಧಿಕಾರವೂ ಇಸ್ರೇಲಿನದು, ಮನೆ ಕಟ್ಟಲು ಪರವಾನಗಿ ಕೊಡುವುದೂ ಇಸ್ರೇಲೇ. ಪ್ಯಾಲೆಸ್ಟೀನಿನ ಕೋರ್ಟು ಇಸ್ರೇಲಿ ಪ್ರಜೆಯ ಮೇಲೆ ಕ್ರಿಮಿನಲ್ ಕೇಸು ನಡೆಸುವಂತಿಲ್ಲ. ಹೊಲಕ್ಕೆ ಬೆಂಕಿ ಇಟ್ಟ ವಸಾಹತುವಾಸಿಯ (ಅಲ್ಲಿ ಬಂದು ನೆಲೆಸಿದ ಇಸ್ರೇಲಿಯ) ಮೇಲೆ ದೂರು ಕೊಡಬೇಕೆಂದರೆ ರೈತ ಇಸ್ರೇಲಿ ಪೊಲೀಸರ ಬಾಗಿಲಿಗೇ ಹೋಗಬೇಕು. ಇತ್ತೀಚಿನ ವರ್ಷಗಳಲ್ಲಿ 3,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಆರೋಪಪಟ್ಟಿಯೇ ಇಲ್ಲದೆ ಇಸ್ರೇಲಿನ ‘ಆಡಳಿತಾತ್ಮಕ ಬಂಧನ’ದಲ್ಲಿದ್ದಾರೆ. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಇಸ್ರೇಲ್ ಅಲ್ಲಿ ಇರುವುದೇ ಕಾನೂನುಬಾಹಿರ ಎಂದು ಸಲಹಾ ಅಭಿಪ್ರಾಯ ಕೊಟ್ಟಿತು. ಮುಂದೆ ನಾನು ರಾಮಲ್ಲಾ (ಅಬ್ಬಾಸ್ ಸರ್ಕಾರ ಕೂತಿರುವ ವೆಸ್ಟ್ ಬ್ಯಾಂಕ್ ಊರು) ಬಗ್ಗೆ, ಅದರ ಎದುರಾಳಿ ಇಸ್ಲಾಮಿ ಸಂಘಟನೆ ಹಮಾಸ್ ಬಗ್ಗೆ ಏನು ಹೇಳಿದರೂ ಈ ಹಿನ್ನೆಲೆ ಮರೆಯಬೇಡಿ. ಹಾಗಂತ ಇದರ ಹಿಂದೆ ಅವರು ಅಡಗಿಕೊಳ್ಳುವುದಕ್ಕೂ ಬಿಡಬೇಡಿ.

ಅವಧಿಯ ಪ್ರಶ್ನೆಗೆ ಬರೋಣ. ಅಬ್ಬಾಸ್ ಆಯ್ಕೆಯಾದದ್ದು 2005ರ ಜನವರಿ 9. ಮೂಲ ಕಾನೂನಿನ 36ನೇ ವಿಧಿಯಂತೆ ನಾಲ್ಕು ವರ್ಷ. 2006ರ ಜನವರಿ 25ರಂದು ಶಾಸನ ಸಭೆಗೆ ಚುನಾವಣೆ. ಆಗ ಸ್ಥಾನಗಳು 132. ಹಮಾಸ್ 74 ಗೆದ್ದಿತು, ಅಬ್ಬಾಸ್‌ರ ಪಕ್ಷ ಫತಾ 45. ವೀಕ್ಷಕರೆಲ್ಲ ಚುನಾವಣೆ ಸರಿಯಾಗಿಯೇ ನಡೆಯಿತು ಎಂದರು. ಆಮೇಲೆ ನಡೆದದ್ದೇ ಸರಿಯಿಲ್ಲ. ಅಮೆರಿಕ, ಯುರೋಪು ಹಣ ನಿಲ್ಲಿಸಿದವು. ಇಸ್ರೇಲ್ ಹಮಾಸ್‌ನ ಹತ್ತಾರು ಶಾಸಕರನ್ನು, ಸ್ಪೀಕರ್ ಅಜೀಜ್ ದ್ವೈಕ್ ಅವರನ್ನೂ ಸೇರಿಸಿ, ಜೈಲಿಗೆ ಹಾಕಿತು. ಸಭೆಗೆ ಕೋರಂ ಸಿಗದಂತಾಯಿತು. 2007ರ ಜೂನ್‌ನಲ್ಲಿ ಹಮಾಸ್ ಬಂದೂಕಿನ ಬಲದಿಂದ ಗಾಜಾವನ್ನು ವಶಮಾಡಿಕೊಂಡಿತು. ಜೂನ್ 14ರಂದು ಅಬ್ಬಾಸ್ ತುರ್ತು ಪರಿಸ್ಥಿತಿ ಘೋಷಿಸಿ, ಪ್ರಧಾನಿ ಇಸ್ಮಾಯಿಲ್ ಹನಿಯೆ ಅವರನ್ನು ವಜಾ ಮಾಡಿ, ಸಲಾಂ ಫಯ್ಯಾದ್ ಅವರನ್ನು ಕೂರಿಸಿದರು.

ಇಲ್ಲಿ ಸ್ವಲ್ಪ ನಿಧಾನಿಸೋಣ, ಇದು ಪಾಠದಲ್ಲಿ ಸಿಗುವಂಥದ್ದಲ್ಲ. ಪ್ರಧಾನಿಯನ್ನು ವಜಾ ಮಾಡುವ ಅಧಿಕಾರ ಅಧ್ಯಕ್ಷರಿಗೆ ಇತ್ತು, ಅದರಲ್ಲಿ ತಕರಾರಿಲ್ಲ. ತುರ್ತು ಪರಿಸ್ಥಿತಿಯನ್ನು 30 ದಿನಕ್ಕೆ ಹೇರುವ ಅಧಿಕಾರವೂ ಇತ್ತು. ಆದರೆ ಶಾಸನ ಸಭೆಯ ವಿಶ್ವಾಸ ಪಡೆಯದೆ ಹೊಸ ಪ್ರಧಾನಿ ಕೆಲಸ ಶುರುಮಾಡುವಂತಿಲ್ಲ ಎನ್ನುವ ವಿಧಿಗಳೂ ಇದ್ದವಲ್ಲ? ಅಬ್ಬಾಸ್ ಆ ವಿಧಿಗಳನ್ನೇ ಆದೇಶ ಹೊರಡಿಸಿ ಅಮಾನತು ಮಾಡಿದರು. ಮೂಲ ಕಾನೂನಿನ ಕರಡು ಬರೆಸಿದ ಹಿರಿಯ ವಕೀಲ ಅನೀಸ್ ಅಲ್-ಖಾಸಿಮ್ ಬಹಿರಂಗವಾಗಿಯೇ ಹೇಳಿದರು, ಅಧ್ಯಕ್ಷರಿಗೆ ಅಂಥ ಅಧಿಕಾರ ನಾವು ಕೊಟ್ಟಿಲ್ಲ ಎಂದು. ಹಮಾಸ್ ಮಾಡಿದ್ದು ದಂಗೆ, ಸಂಶಯ ಬೇಡ. ಆದರೆ ದಂಗೆಗೆ ಉತ್ತರ ಕೊಡುವ ನೆಪದಲ್ಲಿ ಇನ್ನೊಂದು ಕಡೆಯೂ ಕಾನೂನನ್ನು ಮಡಚಿ ಜೇಬಿಗೆ ಹಾಕಿಕೊಂಡಿತು.

2009 ಬಂತು, ಅಧ್ಯಕ್ಷರ ನಾಲ್ಕು ವರ್ಷ ಮುಗಿಯಿತು. ಚುನಾವಣಾ ಕಾನೂನಿನ ಪ್ರಕಾರ ಅಧ್ಯಕ್ಷರದು, ಶಾಸನ ಸಭೆಯದು, ಎರಡೂ ಚುನಾವಣೆ ಒಟ್ಟಿಗೇ ಆಗಬೇಕು, ಆದ್ದರಿಂದ ಇನ್ನೊಂದು ವರ್ಷ ಇದೆ ಎಂದರು ಅಬ್ಬಾಸ್ ಕಡೆಯವರು. ಆ ವರ್ಷವೂ ಮುಗಿಯುವ ಹೊತ್ತಿಗೆ, 2009ರ ಡಿಸೆಂಬರ್‌ನಲ್ಲಿ, ಪಿಎಲ್‌ಒ ಕೇಂದ್ರ ಮಂಡಳಿ ಸೇರಿ ಮುಂದಿನ ಚುನಾವಣೆ ಆಗುವವರೆಗೂ ಅವಧಿ ವಿಸ್ತರಿಸಿತು. ಮತದಾರ ಕೊಟ್ಟ ಅವಧಿಯನ್ನು ಮತದಾರ ಆರಿಸದ ಮಂಡಳಿಯೊಂದು ಹಿಗ್ಗಿಸಿತು. ಅಂದಿನಿಂದ ಇಂದಿನವರೆಗೆ ಅದೇ ಆಧಾರ.

ಸಭೆ ಸೇರುವುದಿಲ್ಲ ಅಂದರೆ ಕಾನೂನು ಮಾಡುವವರು ಯಾರು? 43ನೇ ವಿಧಿ ಬಾಗಿಲು ತೆರೆದಿಟ್ಟಿದೆ. ಸಭೆ ನಡೆಯದಿದ್ದಾಗ, ತಡೆಯಲಾಗದ ತುರ್ತು ಇದ್ದರೆ, ಅಧ್ಯಕ್ಷರು ಕಾನೂನಿನ ಬಲವುಳ್ಳ ಆದೇಶ ಹೊರಡಿಸಬಹುದು. ನಮ್ಮ 123ನೇ ವಿಧಿಯ ಸುಗ್ರೀವಾಜ್ಞೆಯೇ. ನಮ್ಮಲ್ಲಿ ಸಂಸತ್ತು ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಅಲ್ಲಿಯೂ ಮೊದಲ ಅಧಿವೇಶನದಲ್ಲೇ ಸಭೆಯ ಮುಂದೆ ಇಡಬೇಕು, ಇಲ್ಲದಿದ್ದರೆ ಬಲ ಹೋಯಿತು. ಆದರೆ ಆ ಮೊದಲ ಅಧಿವೇಶನ 2007ರಿಂದ ಬಂದೇ ಇಲ್ಲ. ಹೀಗೆ ನೂರಾರು ಆದೇಶಗಳು ಕಾಯಂ ಕಾನೂನಾಗಿಬಿಟ್ಟಿವೆ. ತೆರಿಗೆ, ಕೋರ್ಟು, ಕಂಪನಿ, ಇಂಟರ್‌ನೆಟ್, ಎಲ್ಲವೂ ಒಬ್ಬರ ಸಹಿಯಲ್ಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ತುರ್ತು ಪರಿಸ್ಥಿತಿ ಘೋಷಿಸಿದಾಗಲೂ ಇದೇ ಕತೆ. 30 ದಿನದ ಮೇಲೆ ಇನ್ನೊಮ್ಮೆ ಮುಂದುವರಿಸಲು ಸಭೆಯ ಮೂರನೇ ಎರಡರಷ್ಟು ಬಹುಮತ ಬೇಕು. ಸಭೆ ಎಲ್ಲಿದೆ? ತಿಂಗಳು ತಿಂಗಳು ಹೊಸ ಆದೇಶ ಬಂತು, ಅಷ್ಟೇ.

ಕೊನೆಗೆ ಸಂವಿಧಾನ ನ್ಯಾಯಾಲಯ. 2006ರಲ್ಲೇ ಕಾನೂನು ಆಗಿತ್ತು, ಅಬ್ಬಾಸ್ ಒಂಬತ್ತು ಜಡ್ಜ್‌ಗಳನ್ನು ಹೆಸರಿಸಿ ಕೋರ್ಟು ಕೂರಿಸಿದ್ದು 2016ರಲ್ಲಿ. ಮಾನವ ಹಕ್ಕು ಸಂಘಟನೆಗಳು ಆಗಲೇ ಬೇಡ ಎಂದಿದ್ದವು: ಎರಡು ಕಡೆ ಒಡೆದುಹೋಗಿರುವಾಗ, ಒಬ್ಬರೇ ಆರಿಸಿದ ಜಡ್ಜ್‌ಗಳು ಯಾರ ಪರ ನಿಲ್ಲುತ್ತಾರೆ ಎಂದು. 2018ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಶಾಸನ ಸಭೆ ವರ್ಷಗಟ್ಟಲೆ ಸೇರಿಲ್ಲ, ಅವಧಿ ಮುಗಿದಿದೆ, ಆದ್ದರಿಂದ ವಿಸರ್ಜನೆ ಎಂದು ಕೋರ್ಟು ಹೇಳಿತು. ಮೂಲ ಕಾನೂನಿನಲ್ಲಿ ಸಭೆಯನ್ನು ವಿಸರ್ಜಿಸುವ ಅಧಿಕಾರ ಯಾರಿಗೂ ಇಲ್ಲ. ಅದರ ಮೇಲೆ, ಹೊಸ ಸದಸ್ಯರು ಪ್ರಮಾಣ ಮಾಡುವವರೆಗೂ ಹಳೇ ಸಭೆಯ ಅವಧಿ ಮುಂದುವರಿಯುತ್ತದೆ ಎಂದು ಬರೆದೇ ಇದೆ. ಅದೇ ತರ್ಕದಲ್ಲಿ ಅಧ್ಯಕ್ಷರ ಅವಧಿಯ ಕತೆ ಏನು? ಕೋರ್ಟು ಆ ಮಾತು ಎತ್ತಲಿಲ್ಲ. ಆರು ತಿಂಗಳಲ್ಲಿ ಚುನಾವಣೆ ಮಾಡಿ ಎಂದೂ ತೀರ್ಪಿನಲ್ಲಿತ್ತು. ಆ ಭಾಗವನ್ನು ಯಾರೂ ಪಾಲಿಸಲಿಲ್ಲ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಅಧ್ಯಕ್ಷರ ಹುದ್ದೆ ಖಾಲಿಯಾದರೆ 37ನೇ ವಿಧಿಯಂತೆ ಸ್ಪೀಕರ್ 60 ದಿನ ಅಧಿಕಾರ ವಹಿಸಿಕೊಂಡು ಚುನಾವಣೆ ನಡೆಸಬೇಕು. ಸ್ಪೀಕರ್ ಹಮಾಸ್‌ನವರು. ಸಭೆ ವಿಸರ್ಜನೆಯಾದರೆ ಸ್ಪೀಕರ್ ಇಲ್ಲ. ಆ ತೀರ್ಪಿನ ನಿಜವಾದ ಗುರಿ ಇದೇ ಎಂದು ನಂಬುವವರು ರಾಮಲ್ಲಾದಲ್ಲೇ ಬಹಳ ಜನ. ನನಗೂ ಹಾಗೇ ಅನ್ನಿಸುತ್ತದೆ.

ಸರಿ, ಇದೆಲ್ಲ ಮೇಲ್ಮಟ್ಟದ ಜಗಳ, ಸಾಮಾನ್ಯ ಮನುಷ್ಯನಿಗೆ ಏನು ಎಂದು ಕೇಳಿದ್ದೀರಿ. ಒಂದು ಬಂಧನವನ್ನು ಹತ್ತಿರದಿಂದ ನೋಡೋಣ. ವೆಸ್ಟ್ ಬ್ಯಾಂಕ್‌ನಲ್ಲಿ ಒಬ್ಬ ಹುಡುಗ ಫೇಸ್‌ಬುಕ್‌ನಲ್ಲಿ ಸರ್ಕಾರವನ್ನು ಬೈದು ಬರೆಯುತ್ತಾನೆ. ಅಬ್ಬಾಸ್ ಸರ್ಕಾರದ ಮುಂಜಾಗ್ರತಾ ಭದ್ರತಾ ಪಡೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಹಾಕುವ ಆರೋಪ ಜೋರ್ಡಾನಿನ 1960ರ ಸಂಹಿತೆಯದ್ದು: ಉನ್ನತ ಅಧಿಕಾರಸ್ಥರಿಗೆ ಅವಮಾನ, ಇಲ್ಲವೇ ಪಂಗಡಗಳ ನಡುವೆ ದ್ವೇಷ ಹುಟ್ಟಿಸಿದ್ದು. 2017ರ ಜೂನ್‌ನಿಂದ ಸೈಬರ್ ಅಪರಾಧಗಳ ಆದೇಶವೂ ಕೈಗೆ ಬಂದಿದೆ. ಅದರ ಅಡಿಯಲ್ಲೇ 2019ರ ಅಕ್ಟೋಬರ್‌ನಲ್ಲಿ ರಾಮಲ್ಲಾದ ಕೋರ್ಟೊಂದು ಒಂದೇ ಏಟಿಗೆ 59 ವೆಬ್‌ಸೈಟ್‌ಗಳನ್ನು ಮುಚ್ಚಿಸಿತು. ಹುಡುಗನ ವಕೀಲರು ಜಡ್ಜ್ ಮುಂದೆ ವಾದ ಮಾಡುತ್ತಾರೆ. ಜಡ್ಜ್ ಒಳ್ಳೆಯವರು, ಬಿಡಿ ಎಂದು ಬರೆದುಕೊಡುತ್ತಾರೆ. ಮನೆಯವರು ಆ ಕಾಗದ ಹಿಡಿದುಕೊಂಡು ಜೈಲಿನ ಗೇಟಿಗೆ ಹೋಗುತ್ತಾರೆ. ಬಿಡುವುದಿಲ್ಲ. ಯಾಕೆ ಅಂದರೆ, ಈಗ ಅವನು ಕೋರ್ಟಿನ ಲೆಕ್ಕದಲ್ಲಿ ಇಲ್ಲ, ‘ಗವರ್ನರ್ ಲೆಕ್ಕದಲ್ಲಿ’ ಇದ್ದಾನೆ ಅನ್ನುತ್ತಾರೆ.

ಏನಿದು? ಜೋರ್ಡಾನಿನದೇ 1954ರ ಅಪರಾಧ ತಡೆ ಕಾನೂನು. ಅಪರಾಧ ಮಾಡಬಹುದು ಎಂಬ ಸಂಶಯ ಬಂದರೆ ಜಿಲ್ಲೆಯ ಗವರ್ನರ್ ಒಬ್ಬನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಕೊಡದಿದ್ದರೆ ಒಳಗಿಡಬಹುದು. ಗವರ್ನರನ್ನು ನೇಮಿಸುವವರು ಅಧ್ಯಕ್ಷರು. ಕೋರ್ಟಿನ ಆದೇಶವಿಲ್ಲದೆ ಬಂಧನ ಕೂಡದು ಎಂಬ 11ನೇ ವಿಧಿಗೆ ಇದು ನೇರ ವಿರುದ್ಧ. ಮಾನವ ಹಕ್ಕು ಆಯೋಗ ಇದನ್ನು ವರ್ಷ ವರ್ಷವೂ ತನ್ನ ವರದಿಯಲ್ಲಿ ಬರೆಯುತ್ತದೆ, ಪದ್ಧತಿ ಹಾಗೇ ನಡೆಯುತ್ತದೆ. ಕಿಂಗ್ ಹುಸೇನ್ ಕಾಲದ ಒಂದು ಕಾನೂನು, 21ನೇ ಶತಮಾನದ ಮೂಲ ಕಾನೂನನ್ನು ಗೇಟಿನ ಹತ್ತಿರವೇ ನಿಲ್ಲಿಸಿಬಿಡುತ್ತದೆ.

ಈ ಗೇಟಿನವರೆಗೂ ಬಾರದೆ ಸತ್ತವರೂ ಇದ್ದಾರೆ. ನಿಜಾರ್ ಬನಾತ್ ಹೆಸರು ನೀವು ಕೇಳಿರಬಹುದು. ಹೆಬ್ರಾನ್ ಜಿಲ್ಲೆಯ ದೂರಾ ಊರಿನವರು. ವಿಡಿಯೊ ಮಾಡಿ ಸರ್ಕಾರದ ಭ್ರಷ್ಟಾಚಾರವನ್ನು ಎಗ್ಗಿಲ್ಲದೆ ಬೈಯುತ್ತಿದ್ದರು. 2021ರ ಮೇ 22ಕ್ಕೆ ಗೊತ್ತಾಗಿದ್ದ ಚುನಾವಣೆಗೆ ಒಂದು ಪಟ್ಟಿಯಲ್ಲಿ ಅಭ್ಯರ್ಥಿಯೂ ಆಗಿದ್ದರು. ಆ ಚುನಾವಣೆಗೆ ಜನರ ಉತ್ಸಾಹ ಹೇಗಿತ್ತೆಂದರೆ ಅರ್ಹ ಮತದಾರರಲ್ಲಿ ಶೇ 93ರಷ್ಟು ಜನ ಹೆಸರು ನೋಂದಾಯಿಸಿದ್ದರು, 36 ಪಟ್ಟಿಗಳು ಕಣದಲ್ಲಿದ್ದವು. ಏಪ್ರಿಲ್ 29ರ ರಾತ್ರಿ ಅಬ್ಬಾಸ್ ಚುನಾವಣೆ ಮುಂದೂಡಿದರು. ಪೂರ್ವ ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪಿಗೆ ಕೊಡುತ್ತಿಲ್ಲ ಎಂಬ ಕಾರಣ. ಕಾರಣ ಸುಳ್ಳಲ್ಲ, ಇಸ್ರೇಲ್ ಉತ್ತರವನ್ನೇ ಕೊಟ್ಟಿರಲಿಲ್ಲ. ಆದರೆ ಫತಾ ಮೂರು ಹೋಳಾಗಿತ್ತು, ಫತಾದ ಜನಪ್ರಿಯ ನಾಯಕ ಮರ್ವಾನ್ ಬರ್ಗೂತಿ ಇಸ್ರೇಲಿನ ಜೈಲಿನಿಂದಲೇ ಬೇರೆ ಪಟ್ಟಿಯ ಬೆನ್ನಿಗೆ ನಿಂತಿದ್ದರು, ಸೋಲು ಎದುರಿಗಿತ್ತು ಅನ್ನುವುದೂ ಅಷ್ಟೇ ನಿಜ.

ಜೂನ್ 24ರ ಬೆಳಗಿನ ಜಾವ, ಬನಾತ್ ಮಲಗಿದ್ದ ಸಂಬಂಧಿಕರ ಮನೆಗೆ ಭದ್ರತಾ ಪಡೆಯವರು ನುಗ್ಗಿದರು. ಮಲಗಿದ್ದಲ್ಲೇ ಹೊಡೆದರು, ಎಳೆದೊಯ್ದರು. ಸ್ವಲ್ಪ ಹೊತ್ತಿನಲ್ಲೇ ಸಾವಿನ ಸುದ್ದಿ ಬಂತು. ಸರ್ಕಾರ ಮೊದಲು ಹೇಳಿದ್ದು ಆರೋಗ್ಯ ಕೆಟ್ಟಿತು ಎಂದು. ಆ ಮಾತು ನಿಲ್ಲದಂತೆ ಮಾಡಿದ್ದು ಮಾನವ ಹಕ್ಕು ಆಯೋಗ. ಅದರ ಪರವಾಗಿ ವೈದ್ಯರೊಬ್ಬರು ಮರಣೋತ್ತರ ಪರೀಕ್ಷೆಯಲ್ಲಿ ನಿಂತರು, ಮೈಯೆಲ್ಲ ಏಟಿನ ಗುರುತು, ಪಕ್ಕೆಲುಬು ಮುರಿದಿದೆ, ಸಹಜ ಸಾವಲ್ಲ ಎಂದು ಅದೇ ದಿನ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ರಾಮಲ್ಲಾದಲ್ಲಿ ಜನ ಬೀದಿಗಿಳಿದರು. ಮಫ್ತಿಯವರು ಅವರನ್ನೂ, ವರದಿಗೆ ಬಂದ ಪತ್ರಕರ್ತೆಯರನ್ನೂ ಹೊಡೆದು ಫೋನು ಕಸಿದುಕೊಂಡರು. 14 ಮಂದಿಯ ಮೇಲೆ ಕೇಸಾಯಿತು. ಎಲ್ಲ ಕೆಳಹಂತದವರು, ವಿಚಾರಣೆ ಸೇನಾ ಕೋರ್ಟಿನಲ್ಲಿ. 2022ರ ಜೂನ್‌ನಲ್ಲಿ ಅವರನ್ನೆಲ್ಲ ಜಾಮೀನಿನ ಮೇಲೆ ಬಿಟ್ಟರು. ಆದೇಶ ಕೊಟ್ಟವರು ಯಾರು ಎಂಬ ಪ್ರಶ್ನೆ ಕೋರ್ಟಿನೊಳಗೆ ಬರಲೇ ಇಲ್ಲ.

ಗಾಜಾದ ಕಡೆ ಇದಕ್ಕಿಂತ ಒಳ್ಳೆಯದಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಮಾಸ್ ತನ್ನ ಶಾಸಕರನ್ನು ಸೇರಿಸಿ, ಇಸ್ರೇಲಿನ ಜೈಲಿನಲ್ಲಿದ್ದವರಿಂದ ಅಧಿಕಾರಪತ್ರ ತರಿಸಿಕೊಂಡು, ಅದನ್ನೇ ಕೋರಂ ಎಂದು ಲೆಕ್ಕ ಹಾಕಿ ಕಾನೂನುಗಳನ್ನು ಪಾಸು ಮಾಡಿತು. ಒಂದೇ ದೇಶಕ್ಕೆ ಎರಡು ಕಾನೂನು ಪುಸ್ತಕ. ಮರಣದಂಡನೆ ಜಾರಿಯಾಗಬೇಕಾದರೆ ಅಧ್ಯಕ್ಷರ ಸಹಿ ಬೇಕು ಎಂದು 109ನೇ ವಿಧಿ ಹೇಳುತ್ತದೆ. ಹಮಾಸ್ ಅದನ್ನು ಬದಿಗಿಟ್ಟು, ನಾಗರಿಕರನ್ನೂ ಸೇನಾ ಕೋರ್ಟಿಗೆ ಎಳೆಯಿತು, 2017ರ ಮೇನಲ್ಲಿ ಮೂವರನ್ನು, 2022ರ ಸೆಪ್ಟೆಂಬರ್‌ನಲ್ಲಿ ಐವರನ್ನು ಕೊಂದಿತು. 2019ರ ಮಾರ್ಚ್‌ನಲ್ಲಿ ‘ನಮಗೆ ಬದುಕಬೇಕು’ ಎಂದು ಬೆಲೆ ಏರಿಕೆಯ ವಿರುದ್ಧ ಕೂಗಿದ ಹುಡುಗರಿಗೆ ದೊಣ್ಣೆಯ ಉತ್ತರ. ಆಯೋಗದ ಸಿಬ್ಬಂದಿಗೂ ಪೆಟ್ಟು ಬಿತ್ತು. 2025ರ ಅಕ್ಟೋಬರ್‌ನಲ್ಲಿ ಕದನವಿರಾಮವಾದ ಬೆನ್ನಲ್ಲೇ ಗಾಜಾ ನಗರದ ಬೀದಿಯಲ್ಲಿ ಜನರನ್ನು ಮಂಡಿಯೂರಿಸಿ ಗುಂಡಿಕ್ಕಿದ ವಿಡಿಯೊ ಬಂತಲ್ಲ, ಅದು ಇದೇ ಚಾಳಿಯ ಮುಂದುವರಿಕೆ.

ಹಾಗಾದರೆ ಯಾರ ಹತ್ತಿರ ಹೋಗಬೇಕು? ಮೊದಲ ಬಾಗಿಲು ನಾನು ಮೇಲೆ ಹೆಸರಿಸಿದ ಸ್ವತಂತ್ರ ಮಾನವ ಹಕ್ಕು ಆಯೋಗ. 1993ರ ಸೆಪ್ಟೆಂಬರ್ 30ರಂದು ಅರಾಫತ್ ಆದೇಶದಿಂದ ಹುಟ್ಟಿತು, ಕಟ್ಟಿ ನಿಲ್ಲಿಸಿದವರು ಪ್ಯಾಲೆಸ್ಟೀನಿನ ನಾಯಕಿ ಹನಾನ್ ಅಶ್ರಾವಿ. ದೂರು ತೆಗೆದುಕೊಳ್ಳುತ್ತದೆ, ಜೈಲುಗಳಿಗೆ ಹೋಗಿ ನೋಡುತ್ತದೆ, ವರದಿ ಬರೆಯುತ್ತದೆ. ಎರಡು ಸರ್ಕಾರಗಳು ಮುಖ ನೋಡದ ವರ್ಷಗಳಲ್ಲೂ ಅದು ಎರಡೂ ಕಡೆ ಕೆಲಸ ಮಾಡಿತು. ಆಯೋಗಕ್ಕೆ ಪ್ರತ್ಯೇಕ ಕಾನೂನು ಮಾಡಬೇಕು ಎಂದು ಮೂಲ ಕಾನೂನಿನ 31ನೇ ವಿಧಿ ಹೇಳಿದೆ. ಆ ಕಾನೂನು ಶಾಸನ ಸಭೆಯಿಂದ ಬರಲೇ ಇಲ್ಲ. ಆದರೂ ಕೆಲವು ಸಲ ಗೆದ್ದಿದೆ. 2007ರ ನಂತರ ವೆಸ್ಟ್ ಬ್ಯಾಂಕ್‌ನಲ್ಲಿ ನೂರಾರು ಶಾಲಾ ಶಿಕ್ಷಕರನ್ನು ‘ಕಾನೂನುಬದ್ಧ ಅಧಿಕಾರಕ್ಕೆ ನಿಷ್ಠರಲ್ಲ’ ಎಂಬ ಕಾರಣ ಬರೆದು ಮನೆಗೆ ಕಳಿಸಿದ್ದರು. ಅಂದರೆ ಹಮಾಸ್ ಕಡೆಯವರು ಎಂಬ ಸಂಶಯ. ಗುಪ್ತಚರರು ‘ಪರವಾಗಿಲ್ಲ’ ಎಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆಯೋಗ ಆ ಶಿಕ್ಷಕರ ಪರ ಕೋರ್ಟಿಗೆ ಹೋಯಿತು. 2012ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಆ ವಜಾ ಅಕ್ರಮ ಎಂದು ತೀರ್ಪು ಕೊಟ್ಟಿತು. ಅದೇ ಕಾಲದಲ್ಲಿ ಗಾಜಾದಲ್ಲಿ ತಮಾಷೆ ಉಲ್ಟಾ. ಹಮಾಸ್ ಕೈಕೆಳಗೆ ಕೆಲಸ ಮಾಡಬೇಡಿ, ಮನೆಯಲ್ಲೇ ಇದ್ದರೆ ಸಂಬಳ ಕೊಡುತ್ತೇವೆ ಎಂದು ರಾಮಲ್ಲಾ ತನ್ನ ನೌಕರರಿಗೆ ಹೇಳಿತು. ಅಧಿಕಾರ ಯಾರದು ಎಂಬ ಜಗಳದ ಬಿಲ್ಲು ಕೊನೆಗೆ ಬರುವುದು ಮೇಷ್ಟ್ರ ಮನೆಗೇ.

ಎರಡನೇ ಬಾಗಿಲು ಸರ್ಕಾರೇತರ ಸಂಸ್ಥೆಗಳು. ರಾಮಲ್ಲಾದ ಅಲ್-ಹಕ್ ಶುರುವಾದದ್ದು 1979ರಲ್ಲಿ, ರಾಜಾ ಶೆಹಾದೆ ಮತ್ತು ಗೆಳೆಯರಿಂದ. ಆಗ ಪ್ಯಾಲೆಸ್ಟೀನ್ ಪ್ರಾಧಿಕಾರವೇ ಇರಲಿಲ್ಲ, ಎದುರಿಗಿದ್ದದ್ದು ಇಸ್ರೇಲಿ ಸೇನೆ ಮಾತ್ರ. ಗಾಜಾದಲ್ಲಿ ಸೌರಾನಿ 1995ರಲ್ಲಿ ಕಟ್ಟಿದ ಪ್ಯಾಲೆಸ್ಟೀನ್ ಮಾನವ ಹಕ್ಕು ಕೇಂದ್ರ, ಅಲ್-ಮೆಜಾನ್. ಕೈದಿಗಳಿಗಾಗಿ ಅದ್ದಮೀರ್. ಇವರ ವಿಶೇಷ ಏನೆಂದರೆ ದಾಖಲೆ. ಇಸ್ರೇಲಿನ ಬಾಂಬಿಗೂ, ತಮ್ಮವರದೇ ಲಾಠಿಗೂ ಒಂದೇ ನಮೂನೆಯ ಅಫಿಡವಿಟ್ಟು. ಇದಕ್ಕೇ ಎಲ್ಲರಿಗೂ ಇವರ ಮೇಲೆ ಸಿಟ್ಟು. 2021ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಅಲ್-ಹಕ್, ಅದ್ದಮೀರ್ ಸೇರಿ ಆರು ಸಂಸ್ಥೆಗಳಿಗೆ ಭಯೋತ್ಪಾದಕ ಪಟ್ಟ ಕಟ್ಟಿತು. ಕೊಟ್ಟ ಸಾಕ್ಷ್ಯ ನಂಬುವಂತಿಲ್ಲ ಎಂದು ಹಲವು ಯುರೋಪಿನ ದೇಶಗಳು ಸಹಾಯ ಮುಂದುವರಿಸಿದವು. 2022ರ ಆಗಸ್ಟ್ 18ರಂದು ಸೇನೆ ರಾಮಲ್ಲಾಕ್ಕೆ ಬಂದು ಕಚೇರಿಗಳಿಗೆ ಬೀಗ ಜಡಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಲ್-ಹಕ್, ಅಲ್-ಮೆಜಾನ್, ಸೌರಾನಿಯವರ ಕೇಂದ್ರ, ಮೂರರ ಮೇಲೂ ನಿರ್ಬಂಧ ಹೇರಿತು. ತಪ್ಪು? ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ನೆರವಾದದ್ದು.

ಇನ್ನೊಂದು ಸಂಗತಿ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. 2012ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ಟೀನಿಗೆ ಸದಸ್ಯನಲ್ಲದ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟಿತು. 2014ರ ಏಪ್ರಿಲ್‌ನಲ್ಲಿ ಅಬ್ಬಾಸ್ ಮಾನವ ಹಕ್ಕಿನ ದೊಡ್ಡ ಒಪ್ಪಂದಗಳಿಗೆಲ್ಲ ಒಂದೇ ಸಲ ಸಹಿ ಹಾಕಿದರು. ಮಹಿಳಾ ತಾರತಮ್ಯ ವಿರೋಧಿ ಒಪ್ಪಂದಕ್ಕೆ ಒಂದು ಷರತ್ತೂ ಇಲ್ಲದೆ. ಅರಬ್ ದೇಶಗಳಲ್ಲಿ ಇದು ಅಪರೂಪ. 2018ರಲ್ಲಿ, ಅತ್ಯಾಚಾರಿ ಆ ಹೆಣ್ಣನ್ನೇ ಮದುವೆಯಾದರೆ ಶಿಕ್ಷೆ ಇಲ್ಲ ಎನ್ನುತ್ತಿದ್ದ ಜೋರ್ಡಾನ್ ದಂಡ ಸಂಹಿತೆಯ 308ನೇ ಕಲಂ ವೆಸ್ಟ್ ಬ್ಯಾಂಕ್‌ನಲ್ಲಿ ರದ್ದಾಯಿತು. 2019ರಲ್ಲಿ ಮದುವೆಯ ವಯಸ್ಸು 18ಕ್ಕೆ ಏರಿತು, ಕೆಲವು ವಿನಾಯಿತಿ ಬಿಟ್ಟು. ಎರಡೂ ಬಂದದ್ದು ನಾನು ಇಷ್ಟು ಹೊತ್ತು ಬೈದ ಆ ಸುಗ್ರೀವಾಜ್ಞೆಯ ಬಾಗಿಲಿನಿಂದಲೇ! ಹೆಣ್ಣುಮಕ್ಕಳ ಪರ ದುಡಿಯುವವರು ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲರು. ಸಭೆ ಬರಲಿ ಎಂದು ಕಾದರೆ ಇನ್ನೊಂದು ತಲೆಮಾರು ಹೋಗುತ್ತದೆ.

ಆದರೆ ಆ ಬಾಗಿಲಿನಿಂದ ಬಂದದ್ದಕ್ಕೆ ಬೇರು ಗಟ್ಟಿಯಿಲ್ಲ. 2019ರ ಡಿಸೆಂಬರ್‌ನಲ್ಲಿ ಹೆಬ್ರಾನಿನಲ್ಲಿ ದೊಡ್ಡ ಮನೆತನಗಳ ಹಿರಿಯರು ಸಭೆ ಸೇರಿ, ಆ ಮಹಿಳಾ ಒಪ್ಪಂದ ನಮಗೆ ಬೇಡ ಎಂದು ಗುಡುಗಿದರು. ನಿಮಗೆ ಸಹಿ ಹಾಕಲು ಓಟು ಕೊಟ್ಟವರು ಯಾರು ಎಂದರೆ ಸರ್ಕಾರದ ಬಳಿ ಉತ್ತರವಿಲ್ಲ. ಹಿಂದೆ ಸರಿಯಿತು. ಕುಟುಂಬ ರಕ್ಷಣಾ ಕಾನೂನಿನ ಕರಡು ವರ್ಷಗಟ್ಟಲೆ ಮೂಲೆಯಲ್ಲಿದೆ. ಸಂವಿಧಾನ ನ್ಯಾಯಾಲಯವೂ 2017ರ ನವೆಂಬರ್‌ನಲ್ಲಿ, ಅಂತರರಾಷ್ಟ್ರೀಯ ಒಪ್ಪಂದಗಳು ದೇಶದ ಕಾನೂನಿಗಿಂತ ಮೇಲು ಎಂದು ಹೇಳಿ, ಕೂಡಲೇ ನಮ್ಮ ರಾಷ್ಟ್ರೀಯ, ಧಾರ್ಮಿಕ, ಸಾಂಸ್ಕೃತಿಕ ಗುರುತಿಗೆ ಹೊಂದಿದರೆ ಮಾತ್ರ ಎಂದು ಬಾಲ ಸೇರಿಸಿತು.

ನನ್ನ ಮಾತು ಇಷ್ಟೇ. ಅಧಿಕಾರದ ಅರ್ಹತೆ ಬೇರೆ, ಮಾನವ ಹಕ್ಕು ಬೇರೆ ಎಂದು ಎರಡು ಪಾಠ ಮಾಡಿಕೊಂಡರೆ ಪ್ಯಾಲೆಸ್ಟೀನ್ ಅರ್ಥವಾಗುವುದಿಲ್ಲ. ಓಟಿನ ಬಲ ಇಲ್ಲದ ಸರ್ಕಾರ ಒಂಟಿ ಮನುಷ್ಯನ ಮೇಲೆ ಕ್ರೂರವಾಗುತ್ತದೆ, ಯಾಕೆಂದರೆ ಒಂದು ವಿಡಿಯೊ ಕಂಡರೂ ಅದಕ್ಕೆ ಭಯ. ಅದೇ ಸರ್ಕಾರ ಮನೆತನದ ಮುಂದೆ, ದಾನಿ ದೇಶದ ಮುಂದೆ, ಇಸ್ರೇಲಿ ಸೇನೆಯ ಮುಂದೆ ಮೆತ್ತಗಾಗುತ್ತದೆ. ರಾಮಲ್ಲಾದ ಸಮೀಕ್ಷಾ ಕೇಂದ್ರವೊಂದು ಕೇಳಿದಾಗಲೆಲ್ಲ, ಅಬ್ಬಾಸ್ ಇಳಿಯಲಿ ಎನ್ನುವವರು ಈಚಿನ ವರ್ಷಗಳಲ್ಲಿ ಹತ್ತರಲ್ಲಿ ಎಂಟು ಜನದ ಆಸುಪಾಸು. ಇಸ್ರೇಲ್ ಚುನಾವಣೆಗೆ ಅಡ್ಡಗಾಲು ಹಾಕುತ್ತದೆ, ಸರಿ. ಆದರೆ ಗವರ್ನರ್ ಬಂಧನ ನಿಲ್ಲಿಸಲು ಇಸ್ರೇಲಿನ ಅನುಮತಿ ಬೇಕಾ? ಕೋರ್ಟು ಬಿಡಿ ಎಂದವನನ್ನು ಬಿಡಲು ಬೇಕಾ?

ಈಗಿನ ಸ್ಥಿತಿ ಹೇಳಿ ಮುಗಿಸುತ್ತೇನೆ. ಅಬ್ಬಾಸ್ 1935ರಲ್ಲಿ ಹುಟ್ಟಿದವರು, ಉತ್ತರಾಧಿಕಾರದ ಚಿಂತೆ ಎಲ್ಲರಿಗೂ ಇದೆ. 2024ರ ನವೆಂಬರ್‌ನಲ್ಲಿ ಒಂದು ಸಾಂವಿಧಾನಿಕ ಘೋಷಣೆ ಹೊರಡಿಸಿ, ಹುದ್ದೆ ಖಾಲಿಯಾದರೆ ಪಿಎಲ್‌ಒದ ಸಂಸತ್ತಿನಂತಿರುವ ಪ್ಯಾಲೆಸ್ಟೀನ್ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷ ರೌಹಿ ಫತ್ತೂಹ್ ನೋಡಿಕೊಳ್ಳಲಿ ಎಂದರು. 2025ರ ಏಪ್ರಿಲ್‌ನಲ್ಲಿ ಪಿಎಲ್‌ಒದಲ್ಲಿ ಹೊಸದಾಗಿ ಉಪಾಧ್ಯಕ್ಷ ಹುದ್ದೆ ಮಾಡಿ ಹುಸೇನ್ ಅಲ್-ಶೇಖ್ ಅವರನ್ನು ಕೂರಿಸಿದರು. ಅಕ್ಟೋಬರ್‌ನಲ್ಲಿ ಇನ್ನೊಂದು ಘೋಷಣೆ ಬಂತು: ಫತ್ತೂಹ್ ಅಲ್ಲ, ಶೇಖ್. ಮೂಲ ಕಾನೂನಿನ 37ನೇ ವಿಧಿಯನ್ನು ಹೀಗೆ ಎರಡು ಸಲ ತಿದ್ದಿದಂತಾಯಿತು, ಎರಡೂ ಸಲ ಒಬ್ಬರ ಸಹಿಯಿಂದ. ತಿದ್ದುಪಡಿಗೆ ಸಭೆಯ ಮೂರನೇ ಎರಡು ಬಹುಮತ ಬೇಕು ಎಂಬ ವಿಧಿ ಪುಸ್ತಕದಲ್ಲೇ ಇದೆ. ಗಾಜಾದ ಭವಿಷ್ಯವನ್ನಂತೂ 2025ರ ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯದಲ್ಲಿ ಹೊರಗಿನವರ ಒಂದು ಮಂಡಳಿಯ ಕೈಗೆ ಕೊಟ್ಟಿದೆ. ಅಲ್ಲಿನವರನ್ನು ಕೇಳಿದವರಿಲ್ಲ.

ಯುದ್ಧ ಮುಗಿದ ಒಂದು ವರ್ಷದೊಳಗೆ ಚುನಾವಣೆ ಎಂದು ಅಬ್ಬಾಸ್ ಮಾತು ಕೊಟ್ಟಿದ್ದಾರೆ, ಮಧ್ಯಂತರ ಸಂವಿಧಾನ ಬರೆಯಲು 2025ರ ಆಗಸ್ಟ್‌ನಲ್ಲಿ ಸಮಿತಿಯನ್ನೂ ಮಾಡಿದ್ದಾರೆ. ಆ ಕರಡನ್ನು ನೀವು ಓದುವಾಗ ಹಕ್ಕುಗಳ ಅಧ್ಯಾಯದಿಂದ ಶುರು ಮಾಡಬೇಡಿ. ಅದು ಚೆನ್ನಾಗಿಯೇ ಇರುತ್ತದೆ, 2002ರಲ್ಲೂ ಚೆನ್ನಾಗಿತ್ತು. ಮೊದಲು ಸುಗ್ರೀವಾಜ್ಞೆಯ ವಿಧಿ ಹುಡುಕಿ, ಸಭೆ ಸೇರದೇ ಇದ್ದರೂ ಆದೇಶ ತಾನಾಗಿ ಸಾಯುವ ತಾರೀಖು ಬರೆದಿದೆಯಾ ನೋಡಿ. ಆಮೇಲೆ ಸಂವಿಧಾನ ನ್ಯಾಯಾಲಯದ ಜಡ್ಜ್‌ಗಳನ್ನು ಯಾರು ಆರಿಸುತ್ತಾರೆ ನೋಡಿ. ಕೊನೆಗೆ ಹಳೇ ಕಾನೂನುಗಳು ಮುಂದುವರಿಯುತ್ತವೆ ಎನ್ನುವ ಒಂದು ಪುಟ್ಟ ವಿಧಿ ಇದ್ದೇ ಇರುತ್ತದೆ. 1954ರ ಜೋರ್ಡಾನ್ ಕಾನೂನು ಅದರೊಳಗೆ ನುಸುಳಿಕೊಂಡಿದೆಯಾ ಎಂದು ಪರೀಕ್ಷಿಸಿ. ನಿಮ್ಮ ಟಿಪ್ಪಣಿ ಬರೆದು ಕಳಿಸಿದರೆ ನಾನೂ ಓದುತ್ತೇನೆ.